ಮೊದಲ ಕೊಡುಬಳೆ

ಮಂಜುಳಕ್ಕ, ನಿಮಗೆ ಸೇರಬೇಕಾಗಿದ್ದ ಕೊಡುಬಳೆಯನ್ನು ತಿಂದವನು ನಾನು. ಅದಕ್ಕಿಂತ ದೊಡ್ಡದೊಂದನ್ನೂ ನುಂಗಿದ್ದೇನೆ — ಆ ಉಂಗುರ ಸಾಫ್ಟ್‌ವೇರಿನದಲ್ಲ, ನಿಮ್ಮದು. ನೀವು ಕೇಳಿದಾಗ ಸುಳ್ಳು ಹೇಳಿದೆ.

ನಮ್ಮ ಲ್ಯಾಬಿನ ಪದ್ಧತಿ ಕೇಳಿದರೆ ಹೊರಗಿನವರು ನಗುತ್ತಾರೆ. ಮುದ್ದೇನಹಳ್ಳಿ ರಸ್ತೆಯ ಆ ಚಿಕ್ಕ ಕಟ್ಟಡದಲ್ಲಿ ನಾವು ಮಾಡುವುದು ಮುಂದೆ ಔಷಧಿಯಾಗಬಹುದಾದ ಉಂಗುರದಾಕಾರದ ಅಣುಗಳನ್ನು. ಸರಪಳಿಯಂಥ ಅಣುವಿನ ಎರಡು ತುದಿಗಳು ಒಂದನ್ನೊಂದು ಹುಡುಕಿಕೊಂಡು ಕೂಡಬೇಕು. ಇಲ್ಲವಾದರೆ ಪಕ್ಕದ ಸರಪಳಿಯ ತುದಿ ಹಿಡಿದು ಎಲ್ಲ ಸೇರಿ ಅಂಟುಮುದ್ದೆ. ಉಂಗುರ ಕೂಡಿತೆಂದರೆ ಲ್ಯಾಬಿಗೆ ಕೊಡುಬಳೆ ಬರಬೇಕು, ಮೊದಲನೆಯದು ಅದನ್ನು ಯೋಚಿಸಿದವರಿಗೆ. ಈ ಪದ್ಧತಿ ತಂದವರು ನೀವು, ಚಿಂತಾಮಣಿಯಿಂದ ಡಬ್ಬಿ ತುಂಬಿಸಿಕೊಂಡು ಬಸ್ಸು ಹತ್ತುತ್ತಿದ್ದವರೂ ನೀವೇ. ನಿಮ್ಮ ಮನೆಯ ತೆಲುಗಿನಲ್ಲಿ ಅದು ಚೇಗೋಡಿ. ರುಚಿಗೆ ಭಾಷೆಯ ತಕರಾರಿರಲಿಲ್ಲ.

ಆಮೇಲೆ ತೊಂಡೇಬಾವಿಯಿಂದ ನಾನು ಬಂದೆ, ಎಐ ಸಾಫ್ಟ್‌ವೇರ್ ನಡೆಸುವವನಾಗಿ. ಹೊಸ ಉಂಗುರಗಳನ್ನು ಅದೇ ಕಲ್ಪಿಸುತ್ತದೆ, ಯಾವುದನ್ನು ನಿಜವಾಗಿ ಮಾಡಬಹುದು ಎಂಬುದನ್ನೂ ಅದೇ ಹೇಳುತ್ತದೆ ಎಂದು ಲ್ಯಾಬಿನ ಮುಖ್ಯಸ್ಥ ಸಾಹೇಬರ ಮುಂದೆ ಎದೆ ತಟ್ಟಿಕೊಂಡೆ. ಅವರು ನಂಬಿ, ಇನ್ನು ಮೇಲೆ ಅದು ಕೊಟ್ಟಿದ್ದನ್ನು ಮಾತ್ರ ಮಾಡಿ ಎಂದರು. ಅದು ಕೊಟ್ಟಿತು, ನೀವು ಮಾಡಿದಿರಿ — ಅಂಟುಮುದ್ದೆ. ಮತ್ತೊಂದು ಕೊಟ್ಟಿತು — ಮತ್ತೆ ಅದೇ. ಲ್ಯಾಬಿಗೆ ಕೊಡುಬಳೆಯ ವಾಸನೆಯೇ ಮರೆತುಹೋಯಿತು. ಎಲ್ಲರೂ ನನ್ನ ಮುಖ ನೋಡತೊಡಗಿದರು.

ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಬಲಗೈಯಲ್ಲಿ ಮುದ್ದೆ (ಇದು ರಾಗಿಯದು), ಎಡಗೈಯಲ್ಲಿ ಪೆನ್ಸಿಲ್ ಹಿಡಿದು ನೀವು ಪೇಪರ್ ಚೂರಿನ ಮೇಲೆ ಸೊಟ್ಟಸೊಟ್ಟಗೆ ಒಂದು ಉಂಗುರ ಗೀಚಿದಿರಿ.

“ನಿನ್ನ ಸರಪಳಿ ಸೆಟ್ಕೊಂಡು ನಿಂತೈತಪ್ಪ. ಮಧ್ಯದಾಗೆ ಒಂದು ಬಾಗೋ ತುಂಡು ಹಾಕು. ಹಿಟ್ಟು ಬಿರುಸಾದ್ರೆ ಕೊಡುಬಳೆ ಬಾಯಿ ಕೂಡ್ತದಾ?”

ನಾನು ಅದನ್ನು ಹಾಗೆಯೇ ಕಂಪ್ಯೂಟರಿಗೆ ಹಾಕಿದೆ. ಸಾಫ್ಟ್‌ವೇರ್ ಕೊಟ್ಟ ಉಂಗುರಗಳ ಸಾಲಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟು ಸಾಹೇಬರಿಗೆ ಕಳಿಸಿದೆ. ಕೈಬರಹದ್ದಾಗಿದ್ದರೆ ಅವರು ಒಪ್ಪುತ್ತಿರಲಿಲ್ಲ, ನಿಮಗಾಗಿಯೇ ಮಾಡಿದೆ ಎಂದು ನನಗೆ ನಾನೇ — ಬೇಡ, ಆ ಮಾತು ಬೇಡ. ಉಳಿಸಿಕೊಳ್ಳಬೇಕಾಗಿದ್ದು ನನ್ನ ಮುಖ.

ಉಂಗುರ ಕೂಡಿತು. ನೀವು ಕೈಗವಸು ಕೂಡ ತೆಗೆಯದೆ ನನ್ನ ಮೇಜಿನ ಹತ್ತಿರ ಓಡಿ ಬಂದಿರಿ.

“ನಾನು ಗೀಚಿದ್ದನ್ನ ಅದಕ್ಕೆ ತೋರಿಸಿದ್ಯೇನಪ್ಪ?”

“ಇಲ್ಲಕ್ಕ, ಅದೇ ಕೊಡ್ತು.”

ಅನುಮಾನಪಡಬಹುದಿತ್ತು ನೀವು. ಪಡಲಿಲ್ಲ. ಬಾಯ್ತುಂಬ ನಕ್ಕು, ಯಂತ್ರಕ್ಕೂ ನಿಮಗೂ ಒಂದೇ ಬುದ್ಧಿ ಎಂದು ಲ್ಯಾಬಿಗೆಲ್ಲ ಸಾರಿದಿರಿ. ಮರುದಿನ ನನ್ನ ಕಂಪ್ಯೂಟರಿಗೆ ಅರಿಶಿನ ಕುಂಕುಮವಿಟ್ಟು, ಮೊದಲ ಕೊಡುಬಳೆಯನ್ನು ಅದರ ಮುಂದಿಟ್ಟಿರಿ. ಯಾರೋ ತಮಾಷೆಗೆ, ಕಂಪ್ಯೂಟರಿನ ಪಾಲು ಯಾರು ಕದಿಯುತ್ತಾರೋ ನೋಡೋಣ ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನು ಬಾಯಿ ಒರೆಸಿಕೊಂಡೆ — ಇನ್ನೂ ತಿಂದೇ ಇರಲಿಲ್ಲ. ಎಲ್ಲರೂ ಹೋದ ಮೇಲೆ ತಿಂದೆ. ನಾಚಿಕೆಗೆಟ್ಟ ನಾಲಿಗೆ, ಗರಿಗರಿಯಾಗಿದೆ ಎಂದೇ ಹೇಳಿತು.

ಇಷ್ಟಕ್ಕೇ ಮುಗಿದಿದ್ದರೆ ನಕ್ಕು ಮರೆಯಬಹುದಿತ್ತು. ಆದರೆ ಆ ಉಂಗುರವನ್ನು ನಾನು ಸಾಫ್ಟ್‌ವೇರಿಗೆ ಪಾಠವಾಗಿ ಕಲಿಸಿದೆ. ಈಗ ಅದು ಕೊಡುವ ಒಳ್ಳೆಯ ಉಂಗುರಗಳೆಲ್ಲ ನೀವು ಹೇಳಿದ ಜಾಗದಲ್ಲೇ ಬಾಗುತ್ತವೆ, ಫ್ಲಾಸ್ಕಿನಲ್ಲಿ ಕೂಡುತ್ತವೆ. ಎಲ್ಲರಿಗೂ ಸಂತೋಷ, ನನಗೆ ಬಡ್ತಿ. ನೀವು ಮಾತ್ರ ಗೀಚುವುದನ್ನು ಕಡಿಮೆ ಮಾಡುತ್ತಾ ಬಂದಿರಿ. ನಾನು ಅದನ್ನು ಕಂಡೂ ಕಾಣದವನಂತಿದ್ದೆ — ಇಷ್ಟು ವರ್ಷ.

ನಿನ್ನೆ ಪರದೆಯ ಮೇಲಿನ ಹೊಸ ಉಂಗುರವನ್ನು ಬಹಳ ಹೊತ್ತು ನೋಡಿ, ಕಿವಿಗೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲನ್ನು ನನ್ನ ಮೇಜಿನ ಮೇಲಿಟ್ಟಿರಿ.

“ಎಷ್ಟು ಚೆನ್ನಾಗಿ ಬಾಗ್ಸೈತೆ ನೋಡಪ್ಪ. ನನ್ನ ತಲೆಗೆ ಇದು ಹೊಳೀತಿರ್ಲಿಲ್ಲ. ಇನ್ನ ನಾನ್ಯಾಕೆ ಗೀಚ್ಲಿ?”

ಅಕ್ಕ, ನೀವು ಸೋತದ್ದು ನಿಮಗೇ.

ನಾಳೆ ಬೆಳಿಗ್ಗೆ ಸಾಹೇಬರ ಮುಂದೆ, ಎಲ್ಲರ ಮುಂದೆ ಇದನ್ನು ಹೇಳುತ್ತೇನೆ. ಕೊಡುಬಳೆಯನ್ನೂ ನಾನೇ ಕರಿದಿದ್ದೇನೆ. ಹಿಟ್ಟು ಬಿರುಸಾಯಿತು; ಒಂದರ ಬಾಯಿಯೂ ನೆಟ್ಟಗೆ ಕೂಡಿಲ್ಲ, ನೋಡಿದರೆ ನೀವು ಖಂಡಿತ ನಗುತ್ತೀರಿ. ನಕ್ಕ ಮೇಲೆ ಬೈಯಿರಿ. ಮೊದಲನೆಯದು ನಿಮ್ಮದು — ತಿನ್ನುವುದೋ ನನ್ನ ಮುಖಕ್ಕೆ ಎಸೆಯುವುದೋ ನಿಮಗೆ ಬಿಟ್ಟದ್ದು. ಡಬ್ಬಿಯ ಮೇಲೆ ನಿಮ್ಮ ಪೆನ್ಸಿಲ್ ಇದೆ. ಅದನ್ನು ಮಾತ್ರ ವಾಪಸು ತೆಗೆದುಕೊಳ್ಳಿ.