ಐಬು ಮೊದಲು ಹೇಳುವ ಉಚ್ಚಂಗೆಪ್ಪ

ಉಚ್ಚಂಗೆಪ್ಪನ ಮುತ್ತಜ್ಜ ಮೂಕಪ್ಪ ಕುರಿ ದಲ್ಲಾಳಿ. ಹೆಸರಿಗಷ್ಟೇ ಮೂಕಪ್ಪ. ಜಗಳೂರು ಸಂತೆಯಲ್ಲಿ ಒಮ್ಮೆ ಟಗರೊಂದನ್ನು ಮಾರಲು ನಿಂತವನು, ಕೊಳ್ಳಲು ಬಂದವನಿಗೆ ಅದರ ಕೊಂಬು ತೋರಿಸುವ ಮೊದಲೇ, ಇದು ಗುಡುಗು ಕೇಳಿದರೆ ಬೇಲಿ ಹಾರುತ್ತದೆ, ಹಾರಿದರೆ ಊರೂರು ಹುಡುಕಬೇಕು ಎಂದು ಹೇಳಿದ. ಬಂದವನು ಮುಖ ತಿರುಗಿಸಿ ಹೋದ. ಸಂತೆಯನ್ನೆಲ್ಲ ಸುತ್ತಿ, ಯಾರ ಟಗರಿಗೂ ಯಾವ ಐಬೂ ಇಲ್ಲವೆಂದು ಕೇಳಿ ಕೇಳಿ ಸಾಕಾಗಿ, ಹೊತ್ತು ಮುಳುಗುವ ಮುಂಚೆ ಮೂಕಪ್ಪನ ಹತ್ತಿರವೇ ಬಂದು ಹಗ್ಗ ಹಿಡಿದ. ಮೂಕಪ್ಪನ ಮಗ ಮೈಲಾರಿ ಅಪ್ಪನಿಗಿಂತ ಒಂದು ಕೈ ಮೇಲು. ಎತ್ತೊಂದನ್ನು ಮಾರಿಸಿಕೊಟ್ಟು ಮನೆಗೆ ಬಂದು ಉಣ್ಣಲು ಕೂತಾಗ, ಅದು ನೀರು ಕಂಡರೆ ನೊಗದಲ್ಲೇ ಮಲಗಿಬಿಡುವ ವಿಷಯ ಹೇಳಲು ಮರೆತದ್ದು ನೆನಪಾಯಿತು. ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಕೊಂಡವನ ಊರಿಗೆ ನಡೆದು ಹೋಗಿ ಹೇಳಿ ಬಂದ. ಎತ್ತು ವಾಪಸ್ಸು ಬಂತು, ದಲ್ಲಾಳಿ ದುಡ್ಡು ವಾಪಸ್ಸು ಹೋಯಿತು. ನಿನ್ನ ಬಾಯಿಗೊಂದು ಬೀಗ ಇದ್ದಿದ್ದರೆ ಈ ಮನೆಗೊಂದು ಬಾಗಿಲಾದರೂ ಇರುತ್ತಿತ್ತು ಎಂದು ಅವನ ಹೆಂಡತಿ ದುರುಗಮ್ಮ ಹೇಳಿದಳಂತೆ. ಮೈಲಾರಿಯ ಮಗನ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಆ ಬಾಗಿಲು ಇಡಿಸಿದವನು ಅವನು.

ಅವನ ಮಗ ಉಚ್ಚಂಗೆಪ್ಪ. ಕುರಿಯ ತುಟಿ ಸರಿಸಿ ಹಲ್ಲಿನಿಂದ ವಯಸ್ಸು ಹೇಳುವುದನ್ನು ಅಪ್ಪನಿಂದ ಕಲಿತ, ಅಕ್ಷರವನ್ನು ಬಸ್ಸಿನ ಬೋರ್ಡಿನಿಂದ ಕಲಿತ. ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಎಂದು ಸಂತೆಯಿಂದ ಸಂತೆಗೆ ಅಲೆಯುವಾಗ ತಪ್ಪು ಬಸ್ಸು ಹತ್ತಿದಾಗೆಲ್ಲ ಒಂದೊಂದು ಅಕ್ಷರ ತಲೆಗೆ ಹತ್ತಿತು. ಈ ಮನೆತನದ ವ್ಯಾಪಾರಕ್ಕೆ ಒಂದೇ ಕಟ್ಟಳೆ. ಪ್ರಾಣಿಯ ಕೊರತೆ, ಅಂದರೆ ಐಬು, ಮೊದಲು ಹೇಳಬೇಕು; ಗುಣ ಆಮೇಲೆ. ಕೊನೆಗೆ ಕೊಳ್ಳುವವನು ದಲ್ಲಾಳಿಯ ಕೈಯನ್ನು ಪ್ರಾಣಿಯ ಬೆನ್ನ ಮೇಲೆ ಇಡಿಸಿ, ಇನ್ನೇನಾದರೂ ಇದೆಯೇ ಎಂದು ಕೇಳುತ್ತಾನೆ. ಆಗಲೂ ಮುಚ್ಚಿಟ್ಟವನ ಮಾತನ್ನು ಆಮೇಲೆ ಆ ಸಂತೆಯಲ್ಲಿ ನಾಯಿಯೂ ಕೇಳುವುದಿಲ್ಲ.

ಕಾಲಿನ ಮಂಡಿ ಕೈಕೊಟ್ಟ ಮೇಲೆ ಉಚ್ಚಂಗೆಪ್ಪ ಸಂತೆ ಬಿಟ್ಟ. ಜಗಲಿಯ ಮೇಲೆ ಸುಮ್ಮನೆ ಕೂತವನನ್ನು ಊರವರು ಬಹಳ ದಿನ ನೋಡಲಾರದೆ, ಮೊಮ್ಮಗಳು ಹೇಗೂ ಅಲ್ಲೇ ಓದುತ್ತಾಳೆಂದು, ಸರ್ಕಾರಿ ಶಾಲೆಯ ಸಮಿತಿಗೆ ಅಧ್ಯಕ್ಷನನ್ನಾಗಿ ಮಾಡಿದರು.

ಮೊಮ್ಮಗಳು ದುರ್ಗಾಂಬಿಕಾಗೆ ಎಡಗಿವಿ ಕೇಳಿಸುವುದಿಲ್ಲ, ಬಲಗಿವಿಗೆ ಕೇಳಿಸುವ ಮಿಷನ್ ಇದೆ. ಅವಳಪ್ಪ ವೆಂಕಟೇಶ ಜೆಸಿಬಿ ಓಡಿಸುತ್ತ ಹೊನ್ನಾಳಿ ಕಡೆಯೇ ಇರುತ್ತಾನೆ. ಅವ್ವ ಲಕ್ಷ್ಮೀದೇವಿ ಮೆಕ್ಕೆಜೋಳದ ಹೊಲಕ್ಕೆ ಹೋಗುತ್ತಾಳೆ. ಮೊದಲು ಹುಡುಗಿಯನ್ನು ಹಳದಿ ವ್ಯಾನಿನಲ್ಲಿ ಪೇಟೆಯ ಇಂಗ್ಲಿಷ್ ಶಾಲೆಗೆ ಕಳಿಸಿದ್ದರು. ಅಲ್ಲಿ ಅವಳು ಕೊನೆಯ ಬೆಂಚಿನಲ್ಲಿ ಒಂದು ವರ್ಷ ನಗುತ್ತ ಕೂತಿದ್ದಳು. ತುಂಬ ಶಿಸ್ತಿನ ಹುಡುಗಿ ಎಂದು ಆ ಶಾಲೆಯವರು ಮೆಚ್ಚುಗೆ ಬರೆದು ಕಳಿಸಿದರು. ಊರ ಶಾಲೆಗೆ ಸೇರಿಸಿದ ಹೊಸದರಲ್ಲಿ, ತಾಲ್ಲೂಕಿನಿಂದ ವಾರಕ್ಕೊಮ್ಮೆ ಬರುವ ವಿಶೇಷ ಶಿಕ್ಷಕಿ ಅರ್ಪಿತಾ ಅವಳ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿದರು. ಹುಡುಗಿ ತಿರುಗಲಿಲ್ಲ. ಕಿವಿಗೆ ಮಿಷನ್ ಬಂದದ್ದು, ಮೊದಲ ಸಾಲಿನಲ್ಲಿ ಜಾಗ ಸಿಕ್ಕಿದ್ದು, ತುಟಿ ನೋಡಿ ಮಾತು ಹಿಡಿಯಲು ಕಲಿತದ್ದು ಎಲ್ಲ ಆಮೇಲೆ.

ಈಗ ಅವಳು ಐದು ಮುಗಿಸಿ ಆರನೇ ತರಗತಿಗೆ ಬರುವವಳು. ಬೇಸಿಗೆ ರಜೆಗೆ ಮುಂಚೆ ಮುಖ್ಯ ಶಿಕ್ಷಕಿ ಹನುಮಂತಮ್ಮ ಉಚ್ಚಂಗೆಪ್ಪನನ್ನು ಕರೆಸಿ, ಬಾಗಿಲು ಮುಂದೆ ಮಾಡಿ ಒಂದು ಸುದ್ದಿ ಹೇಳಿದರು. ಆರಕ್ಕೆ ಮಕ್ಕಳು ಸಾಲದಿದ್ದರೆ ಆರು, ಏಳನ್ನು ಹೆದ್ದಾರಿಯ ಆಚೆಗಿನ ಶಾಲೆಗೆ ಸೇರಿಸುವ ಮಾತು ನಡೆದಿತ್ತು. ಆ ಹೆದ್ದಾರಿಯಲ್ಲಿ ಲಾರಿಗಳು ನಿಲ್ಲುವುದಿಲ್ಲ, ಹಾರನ್ ಹೊಡೆಯುತ್ತವೆ. ಹಾರನ್ ಕೇಳುವವರಿಗೆ ಅದು ದಾರಿ, ದುರ್ಗಾಂಬಿಕಾಗೆ ಅಲ್ಲ. ಸುತ್ತಲಿನ ಹಟ್ಟಿಗಳ ಶಾಲೆ ಐದಕ್ಕೇ ಮುಗಿಯುವುದರಿಂದ ಆ ಮಕ್ಕಳನ್ನು ಕರೆತಂದರೆ ಮಾತ್ರ ಆರು ಉಳಿಯುತ್ತಿತ್ತು. ಸೇರಿಸುವ ಮಾತು ಹೊರಗೆ ಬಿದ್ದರೆ ಬರುವವರೂ ಬರುವುದಿಲ್ಲ, ಯಾರಿಗೂ ಹೇಳಬೇಡಿ ಯಜಮಾನರೇ ಎಂದರು ಹನುಮಂತಮ್ಮ. ಉಚ್ಚಂಗೆಪ್ಪ ತಲೆಯಾಡಿಸಿದ. ತಲೆಯಾಡಿಸುವುದಕ್ಕೆ ಏನು ಖರ್ಚು?

ಹಟ್ಟಿ ಹಟ್ಟಿಗೆ ಕುಂಟುತ್ತ ನಡೆದು, ಶಾಲೆ ನೋಡಲು ಬನ್ನಿ ಎಂದು ಮನೆ ಮನೆಗೆ ಕರೆದು ಬಂದ. ಕರೆದ ದಿನ ಜನ ಬಂದರು. ಚಹಾ ಇದೆಯೆಂದು ಹೇಳಿದ್ದೂ ಒಂದು ಕಾರಣ. ಹನುಮಂತಮ್ಮ ಅವನಿಗೊಂದು ಭಾಷಣ ಬರೆದುಕೊಟ್ಟಿದ್ದರು. ಗುಣಮಟ್ಟದ ಶಿಕ್ಷಣ, ನುರಿತ ಶಿಕ್ಷಕ ವೃಂದ, ಸರ್ವತೋಮುಖ ಬೆಳವಣಿಗೆ ಎಂದೆಲ್ಲ ಇತ್ತು. ಉಚ್ಚಂಗೆಪ್ಪ ಅದನ್ನು ಮೊಮ್ಮಗಳಿಂದ ಓದಿಸಿ ಕೇಳಿದ್ದ. ಮಡಿಸಿ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡು ಎದ್ದು ನಿಂತ.

"ಮೊದ್ಲು ಐಬು ಹೇಳ್ತೀನಿ, ಆಮೇಲೆ ಗುಣ. ಬ್ಯಾಡ ಅನ್ಸಿದೋರು ಚಾ ಕುಡ್ದು ಹೋಗ್ರಿ, ನಂಗೇನೂ ಬ್ಯಾಸರಿಲ್ಲ."

ಹನುಮಂತಮ್ಮ ಕೈಯಲ್ಲಿದ್ದ ಹೂವಿನ ತಟ್ಟೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

ಮೂರನೇ ಕೋಣೆಯ ಮೂಲೆ ಸೋರುತ್ತದೆ ಎಂದು ಶುರು ಮಾಡಿದ. ಮಳೆಗಾಲದಲ್ಲಿ ಅಲ್ಲೊಂದು ಬಕೆಟ್ಟು ಕೂರುತ್ತದೆ, ಒಂದು ದಿನವೂ ತಪ್ಪಿಸುವುದಿಲ್ಲ, ಹಾಜರಿ ಕೂಗುವುದಿಲ್ಲ ಅಷ್ಟೇ. ಗಣಿತ, ವಿಜ್ಞಾನ ಎರಡಕ್ಕೂ ವಿನಯ್ ಕುಮಾರ್ ಮೇಷ್ಟ್ರೇ. ಅವರನ್ನೂ ವಾರದಲ್ಲಿ ಎರಡು ದಿನ ಬೇರೆ ಶಾಲೆಗೆ ಕಳಿಸುತ್ತಾರೆ, ಆವಾಗ ಆರು, ಏಳು ಒಟ್ಟಿಗೆ ಕೂರುತ್ತವೆ. ಕಂಪ್ಯೂಟರ್ ಎರಡಿವೆ, ಒಂದು ಓಡುತ್ತದೆ, ಇನ್ನೊಂದು ಧೂಳು ತಡೆಯುತ್ತದೆ. ಶಾಲೆಗೆ ಗೇಟಿಲ್ಲ. ಮಕ್ಕಳು ನೆಟ್ಟ ನುಗ್ಗೆ ಸಸಿಗಳನ್ನು ಕುರಿ ತಿಂದವು. ಆ ಕುರಿಗಳು ತನ್ನವೇ ಎಂಬುದನ್ನೂ ಸೇರಿಸಿದ. ಇಂಗ್ಲಿಷ್ ಹೇಗೆ ಎಂದು ಯಾರೋ ಕೇಳಿದರು.

"ಇಂಗ್ಲಿಷ್‌ನಾಗೆ ನಮ್ ಮೇಷ್ಟ್ರು ಮುಳ್ಳಿನ ಹೊಲದಾಗೆ ಬರಿಗಾಲಲ್ಲಿ ನಡ್ದಂಗೆ ನಡೀತಾರೆ. ನಿಧಾನ. ಆದ್ರೆ ಆಚೆ ಬದ ಮುಟ್ತಾರೆ."

ಪಕ್ಕದಲ್ಲೇ ನಿಂತಿದ್ದ ವಿನಯ್ ಕುಮಾರ್ ತಮ್ಮ ಕಾಲು ನೋಡಿಕೊಂಡರು.

ಮೊಮ್ಮಗನನ್ನು ಕರೆತಂದಿದ್ದ ಮೆಕ್ಕೆಜೋಳದ ವ್ಯಾಪಾರಿ ನಾಗರಾಜಪ್ಪ ಎದ್ದ. "ಉಚ್ಚಂಗಣ್ಣ, ನೀನು ಮದುವಿ ಮಾಡ್ಸಾಕೆ ಬಂದಿಯೋ, ಮುರ್ಸಾಕೆ ಬಂದಿಯೋ?" ಎಂದು ಕೇಳಿ, ಲೋಟದಲ್ಲಿದ್ದುದನ್ನು ಕುಡಿದು ಮುಗಿಸಿ, ಹುಡುಗನ ಕೈ ಹಿಡಿದು ಹೊರಟೇ ಹೋದ. ಅವನ ಹಿಂದೆ ಇನ್ನೂ ಕೆಲವರು ಹೊರಟರು. ಹಟ್ಟಿಯ ಉಡಚಮ್ಮ ಮಾತ್ರ ಜಗ್ಗಲಿಲ್ಲ. ಆಕೆ ಕುರಿ ಸಾಕಿ, ಮರಿಗಳನ್ನು ತಾನೇ ಸಂತೆಗೆ ಹೊಡೆದುಕೊಂಡು ಹೋಗಿ ಮಾರುವ ಹೆಂಗಸು. ಐಬು ಆಯಿತು, ಇನ್ನು ಗುಣ ತೋರಿಸು ಎಂದಳು.

ಉಚ್ಚಂಗೆಪ್ಪ ಉಳಿದವರನ್ನು ಮೊದಲು ಅಡುಗೆ ಮನೆಗೆ ಕರೆದೊಯ್ದ. ಸಾರನ್ನು ಎಲ್ಲರ ಅಂಗೈಗೂ ಹಾಕಿಸಿ ನೆಕ್ಕಿಸಿದ. ಮೊಟ್ಟೆಯ ದಿನ ಯಾವುದು, ಬಾಳೆಹಣ್ಣು ಯಾರಿಗೆ ಎಂದು ಅಡುಗೆಯವಳಿಂದಲೇ ಹೇಳಿಸಿದ. ಪುಸ್ತಕಗಳನ್ನು ಬೀರುವಿನಲ್ಲಿ ಇಡದೆ ಗೋಡೆಯುದ್ದಕ್ಕೂ ಹಗ್ಗದ ಮೇಲೆ ಬಟ್ಟೆ ಹರವಿದಂತೆ ಹರವಿದ್ದರು. ಹರಿದವು ಓದಿದವು, ಹರಿಯದವು ಇನ್ನೂ ಓದಬೇಕಾದವು ಎಂದು ಲೆಕ್ಕ ಕೊಟ್ಟ. ಪಾಠದಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಬೆಲ್ ಹೊಡೆದ ಮೇಲೂ ಕೂರಿಸಿಕೊಂಡು ಓದಿಸುತ್ತಾರೆ. ಶನಿವಾರ ಚೀಲವಿಲ್ಲದೆ ಬಂದು ಹಾಡು, ನಾಟಕ, ಕೈತೋಟ ಎಂದು ಇರುತ್ತಾರೆ. ಬಯಲಲ್ಲಿ ಹುಡುಗಿಯರು ಖೊಖೊ ಆಡುತ್ತಿದ್ದರು. ಓಡುವುದು ಈ ಮಕ್ಕಳಿಗೆ ಹುಟ್ಟಾ ಬರುತ್ತದೆ, ಎಲ್ಲಿ ಕೂತು ಕಾಯಬೇಕು ಅನ್ನುವುದನ್ನು ಇಲ್ಲಿ ಕಲಿಸುತ್ತಾರೆ ಎಂದ.

ಕೊನೆಗೆ ದುರ್ಗಾಂಬಿಕಾಳನ್ನು ಬಯಲಿನ ಆಚೆ ತುದಿಗೆ ನಿಲ್ಲಿಸಿದ. ದನಿ ಹೊರಡಿಸದೆ ಬರೀ ತುಟಿ ಆಡಿಸಿದ.

"ಅಜ್ಜನ ಚಾ ಆರಿ ನೀರಾಗೈತಂತೆ," ಎಂದು ಆ ತುದಿಯಿಂದ ಹುಡುಗಿ ಕೂಗಿ ಹೇಳಿದಳು.

ಜನ ನಕ್ಕರು. ಇದನ್ನು ಕಲಿಸಿದವರು ಅರ್ಪಿತಾ ಟೀಚರ್, ಕಣ್ಣು, ಕಿವಿ, ಕಾಲು ಯಾವುದಕ್ಕೆ ತೊಂದರೆ ಇದ್ದ ಮಕ್ಕಳನ್ನೂ ಅವರು ಬಂದು ನೋಡುತ್ತಾರೆ ಎಂದು ಹೇಳಿ ಉಚ್ಚಂಗೆಪ್ಪ ಮಾತು ಮುಗಿಸಿದ. ಹನುಮಂತಮ್ಮನ ಮುಖಕ್ಕೆ ಆಗಷ್ಟೇ ಕಳೆ ಬಂದಿತ್ತು.

ಆದರೆ ಉಡಚಮ್ಮನ ವ್ಯಾಪಾರ ಮುಗಿದಿರಲಿಲ್ಲ. ಆಕೆ ಉಚ್ಚಂಗೆಪ್ಪನನ್ನು ಆರನೇ ತರಗತಿಯ ಬಾಗಿಲಿಗೆ ಕರೆದೊಯ್ದು, ಅವನ ಕೈಯನ್ನು ಚೌಕಟ್ಟಿನ ಮೇಲೆ ಇಡಿಸಿದಳು.

"ಇನ್ನೇನಾರ ಐತಾ, ಅಜ್ಜ?"

ಕೈ ಕೆಳಗೆ ಹಳೆಯ ಬಣ್ಣ ಹೊಪ್ಪಳಿಕೆ ಎದ್ದಿತ್ತು. ಹನುಮಂತಮ್ಮ ದೂರದಿಂದಲೇ ಬೇಡವೆಂದು ತಲೆ ಅಲ್ಲಾಡಿಸಿದರು. ಇಲ್ಲ ಎಂಬುದು ಎರಡಕ್ಷರ. ಅಂದುಬಿಟ್ಟರೆ ಹಟ್ಟಿಯ ಮಕ್ಕಳು ಬರುತ್ತಿದ್ದರು, ಕ್ಲಾಸು ಉಳಿಯುತ್ತಿತ್ತು, ಹುಡುಗಿ ಹೆದ್ದಾರಿ ದಾಟಬೇಕಿರಲಿಲ್ಲ. ಗೊಣಗಿ ತಪ್ಪಿಸಿಕೊಳ್ಳೋಣವೆಂದರೆ ಅದಕ್ಕೂ ದಾರಿ ಇರಲಿಲ್ಲ. ದುರ್ಗಾಂಬಿಕಾ ಬಯಲಿಂದ ಓಡಿ ಬಂದು ಎದುರಿಗೇ ನಿಂತು ಅವನ ತುಟಿಗಳನ್ನೇ ನೋಡುತ್ತಿದ್ದಳು.

"ಐತೆ," ಎಂದ ಉಚ್ಚಂಗೆಪ್ಪ. "ಹುಡುಗ್ರು ಸಾಲ್ದಿದ್ರೆ ಈ ಆರನೇ ಕ್ಲಾಸೇ ಇರಾಕಿಲ್ಲ. ರೋಡಿನ ಆಚೆ ಶಾಲಿಗೆ ಹೋಗ್ತೈತೆ. ಇನ್ನೊಂದೈತೆ. ನಾನು ನಿಮ್ ಹಟ್ಟಿಗೆ ಬಂದು ಕರ್ದಿದ್ದು ನಿಮ್ ಮಕ್ಳ ಸಲುವಾಗಲ್ಲ, ಈ ಹುಡುಗಿ ಸಲುವಾಗಿ. ಅದು ಶಾಲಿ ಐಬಲ್ಲ. ನಂದು."

ಉಡಚಮ್ಮ ಅವನ ಕೈ ಬಿಟ್ಟಳು. ಜನ ಲೋಟ ಕೆಳಗಿಟ್ಟು ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿಕೊಂಡು ಹೋದರು. ಹನುಮಂತಮ್ಮ ಬೈಯಲಿಲ್ಲ, ಕುರ್ಚಿಗಳನ್ನೆಲ್ಲ ತಾವೇ ಮಡಚಿ ಒಂದರ ಮೇಲೊಂದು ಸದ್ದಾಗುವಂತೆ ಇಟ್ಟರು. ಅಂದಿನಿಂದ ಅವರ ಬಾಯಲ್ಲಿ ಯಜಮಾನರೇ ಎಂಬುದು ಹೋಗಿ ಅಧ್ಯಕ್ಷರೇ ಎಂದಾಯಿತು. ಸೊಸೆ ಲಕ್ಷ್ಮೀದೇವಿ ಮಾವನಿಗೆ ಎದುರಾಡುವವಳಲ್ಲ. ಒಂದು ವಾರ ಸಾರಿಗೆ ಉಪ್ಪು ಕಡಿಮೆ ಹಾಕಿದಳು.

ಜೂನ್‌ನಲ್ಲಿ ಶಾಲೆ ಶುರುವಾದ ದಿನ ಉಚ್ಚಂಗೆಪ್ಪ ಬೆಳಗಿನಿಂದ ಶಾಲೆಯ ಮೆಟ್ಟಿಲ ಮೇಲೆ ಕೂತಿದ್ದ. ಹಳದಿ ವ್ಯಾನು ಮುಂದೆಯೇ ಹಾದು ಹೋಯಿತು. ಕಿಟಕಿಯಲ್ಲಿ ನಾಗರಾಜಪ್ಪನ ಮೊಮ್ಮಗನ ಮುಖವಿತ್ತು. ಬಿಸಿಲೇರಿ, ಪ್ರಾರ್ಥನೆ ಮುಗಿದು, ಇನ್ನು ಎದ್ದು ಹೋಗೋಣ ಎನ್ನುವಾಗ ಹಟ್ಟಿಯ ದಾರಿಯಲ್ಲಿ ಧೂಳೆದ್ದಿತು. ಉಡಚಮ್ಮ ಕೈಯಲ್ಲಿ ಕೋಲು ಹಿಡಿದು, ಒಂದು ಹಿಂಡು ಮಕ್ಕಳನ್ನು ಮುಂದೆ ಹೊಡೆದುಕೊಂಡು ಬರುತ್ತಿದ್ದಳು. ಅಲ್ಲೊಂದು ಇಲ್ಲೊಂದು ಬದಿಗೆ ನುಗ್ಗಿದ್ದನ್ನು ಕೋಲು ತೋರಿಸಿ ಸಾಲಿಗೆ ತರುತ್ತಿದ್ದಳು. ತಡವಾದುದಕ್ಕೆ ಕಾರಣ ಕೇಳಿದರೆ, ರಜೆಯಲ್ಲಿ ಪೇಟೆಯ ಶಾಲೆಯನ್ನೂ ನೋಡಿ ಬಂದದ್ದನ್ನು ಬೆಳಿಗ್ಗೆ ಮನೆ ಮನೆಗೆ ತಿಳಿಸಿ ಹೇಳುವುದಕ್ಕೆ ಹೊತ್ತು ಹಿಡಿಯಿತು ಎಂದಳು.

"ಅಲ್ಲಿ ಒಂದು ಐಬೂ ಇಲ್ಲಂತೆ, ಅಜ್ಜ. ಐಬಿಲ್ದಿರೋ ಕುರಿ ನಾನು ನೋಡಿರೋದು ಕಟುಕರ ಅಂಗಡೀಲಿ ಮಾತ್ರ, ತಲೆ ಕೆಳಗಾಗಿ."

ಆ ಹಟ್ಟಿಯ ಮಕ್ಕಳಲ್ಲೂ ಕೆಲವರು ಬರಲಿಲ್ಲ, ಇನ್ನೊಂದು ಹಟ್ಟಿಯಿಂದ ಒಬ್ಬರೂ ಬರಲಿಲ್ಲ. ಆದರೂ ಸಾಕಾಯಿತು. ಆರನೇ ತರಗತಿ ಈ ವರ್ಷಕ್ಕೆ ಉಳಿಯಿತು. ಬರುವ ವರ್ಷದ್ದು ಬರುವ ವರ್ಷ ನೋಡೋಣ ಎಂದು ಮೇಲಿನವರು ಹೇಳಿದರಂತೆ. ದುರ್ಗಾಂಬಿಕಾ ಮೊದಲ ಸಾಲಿನಲ್ಲಿ ಕೂತಳು. ಅವಳ ಬೆನ್ನ ಹಿಂದೆ ಹಟ್ಟಿಯ ಮಕ್ಕಳು ಮಾಡುವ ಗಲಾಟೆ ಅವಳಿಗೆ ಅಷ್ಟಾಗಿ ಕೇಳಿಸುವುದಿಲ್ಲ, ಅದೊಂದು ಲಾಭ.

ಮೊನ್ನೆ ಉಚ್ಚಂಗೆಪ್ಪ ಬರುವ ವರ್ಷದ ಮಕ್ಕಳನ್ನು ಕರೆಯಲು ಆಚೆ ಹಟ್ಟಿಗೆ ಹೊರಟು, ಶಾಲೆಯ ಮೆಟ್ಟಿಲ ಮೇಲೆ ಕೂತು ಮಂಡಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದ. ವಿನಯ್ ಕುಮಾರ್ ಬೈಕು ತಂದು ನಿಲ್ಲಿಸಿದರು. ಹಿಂದೆ ಕೂತರೆ ಎಲ್ಲ ಹಟ್ಟಿಗಳನ್ನೂ ಸಂಜೆಯೊಳಗೆ ಮುಗಿಸಬಹುದು, ಬೇಕಾದರೆ ಮಾತನ್ನೂ ನಾನೇ ಆಡುತ್ತೇನೆ ಎಂದರು. ಉಚ್ಚಂಗೆಪ್ಪ ಬಟ್ಟೆಯ ಗಂಟು ಬಿಗಿದು ಮುಗಿಸಿದ.

"ಬ್ಯಾಡ ಮೇಷ್ಟ್ರೇ. ನೀವು ಆ ಮೂಲೆ ಸೋರೋದು ನೋಡ್ರಿ. ಗಾಡೀಲಿ ಬಂದು ಇಳ್ದೋನ್ನ ಮಾರಾಕೆ ಬಂದ ಅಂತಾರೆ. ಕುಂಟ್ಕಂಡು ಬಂದೋನಿಗೆ ಮೊದ್ಲು ನೀರು ಕೊಡ್ತಾರೆ, ಆಮೇಲೆ ಮಾತು ಕೇಳ್ತಾರೆ. ನಾನು ನಡ್ಕಂಡೇ ಹೋಗ್ತೀನಿ."