ಚರಟದ ಬಣ್ಣ
ಮುಷ್ಕರದ ವರ್ಷ ಬಾಗಿಲು ಹಾಕಿದ ಹಡಗು ಕಾರ್ಖಾನೆ ಮುದಿ ಬೆಸುಗೆಗಾರ ವೀಬೆಯ ಕೊನೆಯ ಚಳಿಗಾಲದ ಕೂಲಿಯನ್ನು ಇನ್ನೂ ಕೊಟ್ಟಿಲ್ಲ. ಅವನ ಪಾಲಿಗೆ ಬಂದದ್ದು ವೆಲ್ಡಿಂಗ್ ಬೆಳಕು ತಿಂದ ಕಣ್ಣು, ನುಗ್ಗಾದ ಸೊಂಟ ಮಾತ್ರ. ಹಾರ್ಲಿಂಗನ್ ಬಂದರಿನ ಓಣಿಯಲ್ಲಿ ಇಂಥವರು ಮನೆಗೊಬ್ಬರಿದ್ದಾರೆ. ನೋವಿಗೆಂದು ಗಾಂಜಾ ಸೊಪ್ಪನ್ನು ಸುಡದೆ, ಪುಟ್ಟ ಯಂತ್ರದಲ್ಲಿ ಬಿಸಿಮಾಡಿ ಆವಿ ಎಳೆಯುತ್ತಾರೆ, ಉಳಿದ ಚರಟವನ್ನು ಚಿನ್ನದಂತೆ ಕಾಯುತ್ತಾರೆ. ವೀಬೆಯಂತೂ ಚರಟದ ಡಬ್ಬಿಗೆ ಮೂಗಿಟ್ಟನೆಂದರೆ ನ್ಯಾಯಾಧೀಶನೇ. ಜೇನಿನ ಬಣ್ಣದ್ದರಲ್ಲಿ ಇನ್ನೂ ಕಸುವಿದೆ, ಬೆಣ್ಣೆಯಲ್ಲಿ ಕಾಯಿಸಿ ರೊಟ್ಟಿಗೆ ಸವರಬೇಕು, ಕರ್ರಗಾದದ್ದು ಹೂಕುಂಡಕ್ಕೆ. ಕಣ್ಣು ಮಂಜಾದ್ದರಿಂದ ಬಣ್ಣದ ಸಾಕ್ಷಿ ಮಾತ್ರ ಹೆಂಡತಿ ಹಿಲ್ಕೆಯದು. “ಬಣ್ಣ ಹೇಳೇ, ಮುದುಕಿ.” “ಜೇನು ಕಣೋ, ಮುದಿಯ. ತೆಪ್ಪಗೆ ತಿನ್ನು.” ವಿಮೆಯವರು ಹೊಸ ಸೊಪ್ಪಿಗೆ ದುಡ್ಡು ನಿಲ್ಲಿಸಿದ ಮೇಲೆ ಅದೇ ಚರಟ ಮತ್ತೆ ಮತ್ತೆ ಯಂತ್ರಕ್ಕೆ ಹೋಗಿ ಇದ್ದಿಲಾಗಿದೆ. ಹೂಕುಂಡಕ್ಕೆ ಏನೂ ಬೀಳುವುದಿಲ್ಲ. ಅವಳು ಈಗಲೂ ಜೇನು ಎನ್ನುತ್ತಾಳೆ. ನಾಲಿಗೆಗೆ ಇದ್ದಿಲಿನ ಕಹಿ ತಾಕಿದರೂ ಅವನು “ಸೊಂಟ ಹಗುರಾಯ್ತು ನೋಡೇ” ಎಂದು ನುಂಗುತ್ತಾನೆ, ಆಮೇಲೆ ಗೋಡೆಯ ಕಡೆ ತಿರುಗಿ ಹಲ್ಲು ಕಚ್ಚುತ್ತಾನೆ. ಬಂದರಿನ ಧಣಿಗಳೇ, ಅವನು ಬೆಸೆದ ಹಡಗುಗಳು ಇವತ್ತಿಗೂ ನಿಮ್ಮ ಸರಕು ಹೊರುತ್ತಿವೆ. ಆ ಮುದುಕಿಯ ಬಾಯಲ್ಲಿ ಸುಳ್ಳು ಹೇಳಿಸಿದ್ದು ಸಾಕು. ಅವನ ಕೂಲಿ ಕೊಡಿಸಿ.