ನಾನು ಬಿಡ್ತು ಅನ್ನಿಸಿದ ಮಾತು

ಇಲ್ಲಿ ಪರದೇಶದಲ್ಲಿ ನಾನು ಫೋನಿನಲ್ಲಿ ದುಭಾಷಿ ಕೆಲಸ ಮಾಡುತ್ತೇನೆ. ಇಂಗ್ಲಿಷ್ ಅಷ್ಟಾಗಿ ಬಾರದ ಕನ್ನಡದವರು ಯಾವುದಾದರೂ ಕ್ಲಿನಿಕ್ಕಿಗೆ ಬಂದರೆ ಅಲ್ಲಿಂದ ಒಂದು ಏಜೆನ್ಸಿಗೆ ಕಾಲ್ ಹೋಗುತ್ತದೆ, ಏಜೆನ್ಸಿಯಿಂದ ಟೋಟೆಮ್ ಲೇಕಿನ ನಮ್ಮ ಅಪಾರ್ಟ್‌ಮೆಂಟಿಗೆ ಬರುತ್ತದೆ. ಹಾಲಿನಲ್ಲಿ ಯಜಮಾನರ ಮೀಟಿಂಗುಗಳು ನಡೆಯುವುದರಿಂದ ನನ್ನ ಆಫೀಸು ಬಟ್ಟೆಯ ಕ್ಲಾಸೆಟ್ಟು. ನೇತುಹಾಕಿದ ರೇಷ್ಮೆ ಸೀರೆಗಳ ಕೆಳಗೆ ಸ್ಟೂಲು ಹಾಕಿಕೊಂಡು, ಹೆಡ್‌ಫೋನು ಸಿಕ್ಕಿಸಿಕೊಂಡು ಕೂರುತ್ತೇನೆ. ಬರುವುದೆಲ್ಲ ಹೆಚ್ಚಾಗಿ ಶುಗರ್, ಬಿಪಿ, ಮಂಡಿನೋವು. ಈ ಕೆಲಸದಲ್ಲಿ ನನ್ನಷ್ಟು ಗಟ್ಟಿಗಿತ್ತಿ ಇಲ್ಲ ಎಂದು ನನಗೆ ಜಂಬವಿತ್ತು. ಕನ್ನಡ ಸಂಘದ ಹೆಂಗಸರ ಮುಂದೆ ಕೊಚ್ಚಿಕೊಂಡದ್ದೂ ಉಂಟು. ಆ ಜಂಬ ಇಳಿದ ಕಥೆ ಇದು. ಆ ಮನುಷ್ಯನ ಗುರುತು ಯಾರಿಗೂ ಹತ್ತಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ನನ್ನ ತಪ್ಪನ್ನು ಬದಲಿಸಿಲ್ಲ.

ನಮ್ಮ ಕೆಲಸದಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ರೋಗಿ ಹೇಳಿದ್ದನ್ನು ‘ಅವರು ಹೀಗೆ ಹೇಳುತ್ತಾರೆ’ ಎನ್ನುವಂತಿಲ್ಲ, ‘ನಾನು’ ಎಂದೇ ಹೇಳಬೇಕು. ಅವರಿಗೆ ಎದೆನೋವಾದರೆ ‘ನನಗೆ ಎದೆನೋವು’ ಎನ್ನಬೇಕು. ಸೇರಿಸಬಾರದು, ಬಿಡಬಾರದು, ಬುದ್ಧಿ ಹೇಳಬಾರದು. ಇದನ್ನೆಲ್ಲ ಒಪ್ಪಿ ಸಹಿ ಹಾಕಿದ್ದೇನೆ.

ಒಂದು ಗುರುವಾರ ಬೆಳಿಗ್ಗೆ ಕಾಲ್ ಬಂತು. ಆ ಕಡೆ ಒಬ್ಬ ನರ್ಸು, ಮೆತ್ತನೆಯ ದನಿಯವಳು. ಅವಳ ಎದುರಿಗೆ ಮೂವತ್ತರ ಆಸುಪಾಸಿನ ಗಂಡಸು. ಮಾತು ಕೇಳಿದರೆ ಮಂಡ್ಯದ ಕಡೆಯವನು. ನಾನು ನಮಸ್ಕಾರ ಎಂದಿದ್ದೇ ತಡ, ಅವನು ಮಕ್ಕಳಂತೆ ಖುಷಿಪಟ್ಟ.

“ಅಯ್ಯೋ, ಕನ್ನಡದೋರು ಸಿಕ್ತಾರೆ ಅಂತ ಅಂದ್ಕೊಂಡೇ ಇರ್ಲಿಲ್ಲ ಅಕ್ಕ. ಫಾರಮ್ಮಲ್ಲಿ ಭಾಷೆ ಕನ್ನಡ ಅಂತ ಸುಮ್ನೆ ಬರ್ದಿದ್ದೆ ಕಣಕ್ಕ.”

ಅವನು ಬಂದಿದ್ದದ್ದು ಎಚ್‌ಐವಿ ಬರದಂತೆ ಮುಂಚೆಯೇ ದಿನಾ ನುಂಗುವ ಮಾತ್ರೆ ಕೇಳಲು. ಅಂಥ ಮಾತ್ರೆ ಇದೆ ಎನ್ನುವುದೇ ನನಗೆ ಅಂದು ಗೊತ್ತಾಯಿತು. ನರ್ಸು ಮೊದಲು ಕೇಳಿದ್ದು, ನೀವು ಕೂಡುವುದು ಗಂಡಸರ ಜೊತೆಯೋ, ಹೆಂಗಸರ ಜೊತೆಯೋ, ಇಬ್ಬರ ಜೊತೆಯೋ ಎಂದು. ಕ್ಲಾಸೆಟ್ಟಿನ ಬಾಗಿಲು ಸರಿಯಾಗಿ ಹಾಕಿದೆಯೇ ಎಂದು ನೋಡಿದೆ. ನೋಡಿ, ಕೇಳಿದ್ದೇನು? “ನಿಮಗೆ ಮದುವೆ ಆಗಿದೆಯಾ?”

“ಅಕ್ಕ, ಅವ್ರು ಕೇಳಿದ್ದು ಅದಲ್ಲ ಕಣಕ್ಕ. ಅಷ್ಟು ಇಂಗ್ಲಿಷು ನಂಗೂ ಗೊತ್ತಾಯ್ತದೆ. ಗಂಡಸ್ರ ಜೊತೆ ಅಂತ ಹೇಳಿ.”

ಹೇಳಿದೆ. ಅಜ್ಜಿಯ ಕಾಲದ ಸೀರೆಯ ಸೆರಗು ತಲೆಗೆ ತಾಕುತ್ತಿರುವಾಗ, ‘ನಾನು ಗಂಡಸರ ಜೊತೆ’ ಎಂದು ಪಿಸುಗುಟ್ಟಿದೆ. ನರ್ಸಿಗೆ ಕೇಳಿಸದೆ ಇನ್ನೊಮ್ಮೆ ಹೇಳಿಸಿದಳು. ಅಷ್ಟು ಹೊತ್ತಿಗೆ ಅವನ ಮೇಲೆ ನನಗೆ ಸಿಟ್ಟು ಬಂದಿತ್ತು. ಅವನು ಮಾಡಿದ ತಪ್ಪಾದರೂ ಏನು? ನಾನು ಕೂಲಿ ತೆಗೆದುಕೊಂಡು ಹೇಳಬೇಕಾದ ಮಾತನ್ನು ಹೇಳೆಂದು ತಿದ್ದಿದ್ದು.

ಆಮೇಲೆ ನರ್ಸು ನಿದ್ದೆ, ಊಟ, ಮನಸ್ಸಿನ ವಿಚಾರ ಕೇಳಿದಳು. ಆ ಮಾತ್ರೆಗೆ ಬರುವ ಎಲ್ಲರನ್ನೂ ಕೇಳುತ್ತಾರಂತೆ. ಟಕ್ವಿಲಾದ ದೊಡ್ಡ ಮಾಲ್ ಹತ್ತಿರದ ಒಂದು ಹೋಟೆಲಿನಲ್ಲಿ ಅವನು ಅಡುಗೆಯವನು. ಐದು ಜನ ಅಡುಗೆಯವರು ಒಂದೇ ಮನೆಯಲ್ಲಿ ಇರುತ್ತಾರೆ. ಅವರಲ್ಲೊಬ್ಬ ಇವನ ಫೋನಿನಲ್ಲಿ ಏನೋ ನೋಡಿಬಿಟ್ಟಿದ್ದಾನೆ.

“ಅವತ್ತಿಂದ ನನ್ ತಟ್ಟೆ ಲೋಟ ಬೇರೆ ಇಟ್ಟವ್ರೆ ಅಕ್ಕ. ಹೋಟ್ಲಲ್ಲಿ ನಾನು ಬೇಯ್ಸಿದ್ದನ್ನ ಎಲ್ರೂ ತಿಂತಾರೆ. ಮನೇಲಿ ನನ್ ಲೋಟ ಮುಟ್ಟಲ್ಲ. ಊರಲ್ಲಿ ಅವ್ವಂಗೆ ಹೇಳ್ತೀವಿ ಅಂತಾರೆ. ಕಾಯಿಲೆ ಇಲ್ಲ ಅಂದ್ರೂ ನಂಬಲ್ಲ. ಕಾಯಿಲೆ ಇಲ್ದೋರ್ಗೇ ಕೊಡೋ ಈ ಮಾತ್ರೆ ಚೀಟಿ ತೋರ್ಸಿದ್ರಾದ್ರೂ ನಂಬ್ತಾರೇನೋ ಅಂತ ಬಂದೆ.”

ಇದನ್ನು ಸರಿಯಾಗಿಯೇ ಇಂಗ್ಲಿಷಿಗೆ ತಂದೆ. ತಟ್ಟೆ ಲೋಟದ ಮಾತು ನನಗೆ ಸಲೀಸು. ನಮ್ಮಮ್ಮನ ಮನೆಯಲ್ಲೂ ಕೆಲಸದವಳ ಲೋಟ ಬೇರೆಯೇ ಇತ್ತು. ನರ್ಸು ತುಂಬ ನಿಧಾನವಾಗಿ ಮುಂದಿನ ಪ್ರಶ್ನೆ ಕೇಳಿದಳು: ಈ ಎರಡು ವಾರದಲ್ಲಿ ಸತ್ತುಹೋದರೆ ಮೇಲು ಅಂತ ಅನಿಸಿದೆಯೇ? ನಾನು ಅದನ್ನು “ತುಂಬ ಬೇಜಾರಾಗುತ್ತಾ?” ಎಂದು ಕೇಳಿದೆ. ಅವನು ಮೂಲ ಪ್ರಶ್ನೆಗೇ ಉತ್ತರ ಕೊಟ್ಟ.

“ಹೂಂ ಅಕ್ಕ. ದಿನಾ ಅನ್ಸುತ್ತೆ. ಸತ್ತೇ ಹೋಗ್ಬಿಡೋಣ ಅಂತ. ಹೆಂಗೆ ಅಂತಾನೂ ಯೋಚ್ನೆ ಮಾಡಿವ್ನಿ.”

“ಬಿಡ್ತು ಅನ್ನಪ್ಪಾ!” ಎಂದೆ. ಬಾಯಿಂದ ತಾನಾಗಿ ಬಂತು. “ಬೆಳಿಗ್ಗೆ ಬೆಳಿಗ್ಗೆ ಎಂಥ ಮಾತಾಡ್ತೀಯ? ಹೆತ್ತೋರಿದಾರೆ ನಿಂಗೆ. ಬಿಡ್ತು ಅನ್ನು.”

ಕೆಟ್ಟ ಮಾತು ಬಂದರೆ ಹಿರಿಯರು ಹೀಗೆ ಗದರುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಆಡಿದವರು ‘ಬಿಡ್ತು’ ಎಂದರೆ ಮುಗಿಯಿತು, ಆ ಮಾತು ರದ್ದು, ಅಸ್ತು ದೇವತೆಗಳಿಗೂ ಕೇಳಿಸಿಲ್ಲ ಎಂದು ಲೆಕ್ಕ. ಅವನೂ ಹಾಗೆಯೇ ಬೆಳೆದವನು. ಮೆಲ್ಲಗೆ “ಬಿಡ್ತು” ಎಂದ.

ನರ್ಸು ನನ್ನನ್ನು ಕೇಳಿದಳು, ಏನು ಹೇಳಿದರು ಎಂದು. ‘ಇಲ್ಲ ಅನ್ನುತ್ತಾನೆ’ ಎಂದೆ. ‘ನಾನು’ ಎನ್ನುವುದನ್ನೂ ಅಲ್ಲಿಗೆ ಕೈಬಿಟ್ಟಿದ್ದೆ. ಆ ಗಳಿಗೆಯಲ್ಲಿ ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಅನ್ನಿಸಲೇ ಇಲ್ಲ. ಅವನು ವಾಪಸ್ ತೆಗೆದುಕೊಂಡಿದ್ದನಲ್ಲ! ನರ್ಸು ಕೀಬೋರ್ಡಿನಲ್ಲಿ ಏನೋ ಒತ್ತಿದ್ದು ಕೇಳಿಸಿತು. ಮುಂದಿನ ಪ್ರಶ್ನೆಗೆ ಹೋದಳು. ಆ ‘ಇಲ್ಲ’ ಅವನಿಗೂ ಕೇಳಿಸಿರಬೇಕು. ಈ ಸಲ ಅವನು ತಿದ್ದಲಿಲ್ಲ.

ಕಾಲ್ ಮುಗಿಯಿತು. ಹೊರಗೆ ಬಂದಾಗ ಯಜಮಾನರು “ಏನಂತೆ?” ಎಂದರು. “ಯಾರಿಗೋ ಶುಗರ್ ಅಂತೆ” ಎಂದೆ. ಆಮೇಲೆ ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಹೆಡ್‌ಫೋನನ್ನು ಸ್ಯಾನಿಟೈಸರ್ ಹಾಕಿ ಒರೆಸಿದೆ. ಸಿಂಕಿನಲ್ಲಿ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದೆ. ಫೋನಿನಲ್ಲಿ ಮಾತಾಡಿದ್ದಕ್ಕೆ! ಎಲ್ಲೋ ಮೂವತ್ತು ಮೈಲಿ ದೂರದಲ್ಲಿ ಕೂತವನ ದನಿಗೆ! ನಲ್ಲಿ ನಿಲ್ಲಿಸಿ ಟವೆಲಿಗೆ ಕೈ ಚಾಚಿದಾಗಲಷ್ಟೇ ನನ್ನ ಕೈಗಳು ನನಗೆ ಕಂಡವು. ಅವನ ಲೋಟ ಬೇರೆ ಇಟ್ಟ ನಾಲ್ವರ ಜೊತೆ ನಾನು ಐದನೆಯವಳಾಗಿದ್ದೆ. ಅಲ್ಲೇ ಇನ್ನೊಂದೂ ನೆನಪಾಯಿತು. ಹೇಗೆ ಎಂದೂ ಯೋಚನೆ ಮಾಡಿದ್ದೇನೆ ಎಂದಿದ್ದ.

ತಕ್ಷಣ ಏಜೆನ್ಸಿಗೆ ಫೋನು ಮಾಡಬಹುದಿತ್ತು. ಅವನ ನಂಬರು ನಮಗೆ ಕೊಡುವುದಿಲ್ಲ, ಆದರೆ ಏಜೆನ್ಸಿಯವರು ಕ್ಲಿನಿಕ್ಕಿಗೆ ತಿಳಿಸುತ್ತಾರೆ. ಮಾಡಲಿಲ್ಲ. ಕೆಲಸ ಹೋಗುತ್ತದೆ ಎಂಬ ಹೆದರಿಕೆ ಇತ್ತು, ಅದು ದೊಡ್ಡದಲ್ಲ. ಸಂಘದ ಹೆಂಗಸರಿಗೆ ಗೊತ್ತಾದರೆ, ನಾನು ಎಂಥೆಂಥವರ ಎಂಥೆಂಥ ಮಾತನ್ನು ಬಾಯಲ್ಲಿ ಆಡುತ್ತೇನೆ ಎಂದು ನಗುತ್ತಾರಲ್ಲ, ಅದು ದೊಡ್ಡದಾಗಿತ್ತು. ಒಬ್ಬ ಮನುಷ್ಯನ ಜೀವಕ್ಕಿಂತ ದೊಡ್ಡದಾಗಿತ್ತು ಎಂದು ಇಲ್ಲಿ ಬರೆದೇಬಿಡುತ್ತೇನೆ.

ಶುಕ್ರವಾರ ಕಳೆಯಿತು. ಶನಿವಾರ ಮಧ್ಯಾಹ್ನ, ಚಪ್ಪಲಿ ಕೊಳ್ಳಬೇಕೆಂದು ನೆಪ ಹೇಳಿ ಯಜಮಾನರನ್ನು ಟಕ್ವಿಲಾಕ್ಕೆ ಹೊರಡಿಸಿದೆ. ಮಾಲ್ ಹತ್ತಿರದ ಒಂದು ಇಂಡಿಯನ್ ಹೋಟೆಲಿನಲ್ಲಿ ಊಟಕ್ಕೆ ಕೂತೆವು. ಅದೇ ಹೋಟೆಲೋ ಅಲ್ಲವೋ ಗೊತ್ತಿಲ್ಲ. ಅಡುಗೆಮನೆಯ ಬಾಗಿಲು ತೆರೆದಾಗೆಲ್ಲ ಕಿವಿ ನಿಮಿರಿಸಿದೆ. ಒಳಗಿಂದ ಹಿಂದಿ ಕೇಳಿಸಿತು, ತೆಲುಗು ಕೇಳಿಸಿತು, ಪಾತ್ರೆಯ ಸದ್ದು ಕೇಳಿಸಿತು. ಆ ದನಿ ಕೇಳಿಸಲಿಲ್ಲ. ಕೇಳಿಸಿದ್ದರೆ ತಾನೇ ಏನು ಮಾಡುತ್ತಿದ್ದೆ? ನಾಲ್ಕು ಜನರ ಮುಂದೆ ಅವನ ಗುಟ್ಟು ಒಡೆಯುವ ಹಾಗೆ ಎದ್ದುಹೋಗಿ ಕ್ಷೇಮವಾ ಎಂದು ಕೇಳುತ್ತಿದ್ದೆನೇ?

“ತಿನ್ನೇ, ದೋಸೆ ಆರಿಹೋಗ್ತಿದೆ” ಎಂದರು ಯಜಮಾನರು. ಇವತ್ತು ಅವನು ಕೆಲಸಕ್ಕೆ ಬಂದಿಲ್ಲದೆ ಇದ್ದರೆ ಎಂಬ ಯೋಚನೆ ಆಗ ಬಂತು. ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಏಜೆನ್ಸಿಯ ಮೇಲ್ವಿಚಾರಕಿಗೆ ಫೋನು ಮಾಡಿದೆ. ಅವಳು ಇಪ್ಪತ್ತು ವರ್ಷ ಸ್ಪ್ಯಾನಿಷ್ ದುಭಾಷಿಯಾಗಿದ್ದವಳು. ಎಲ್ಲ ಹೇಳಿದೆ. ನೀನು ಆಡಿದ ಮಾತನ್ನು ಇದ್ದದ್ದು ಇದ್ದ ಹಾಗೆ ಇಂಗ್ಲಿಷಿನಲ್ಲಿ ಹೇಳು ಎಂದಳು. ನಾನು ತಡವರಿಸುತ್ತ, ಅದೊಂದು ಪದ್ಧತಿ, ಪ್ರೀತಿಯಿಂದ ಹೇಳುವುದು, ಹಾಗೆಂದರೆ ಕೆಟ್ಟದ್ದು ಹತ್ತುವುದಿಲ್ಲ ಎಂದೆಲ್ಲ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ಅಂದರೆ, ಸಾಯಬೇಕು ಅನಿಸುತ್ತಿದೆ ಎಂದವನಿಗೆ ನೀನು ಆ ಮಾತು ವಾಪಸ್ ತಗೋ ಎಂದೆ. ಅವನು ತಗೊಂಡ. ನೀನು ಅದನ್ನೇ ನರ್ಸಿಗೆ ಕೊಟ್ಟೆ.”

ಹೌದು ಎಂದೆ. ಅವಳು ಬೈಯಲಿಲ್ಲ, ಬೈದಿದ್ದರೆ ಅತ್ತು ಹಗುರವಾಗುತ್ತಿದ್ದೆ. ಈಗಲೇ ಕ್ಲಿನಿಕ್ಕಿಗೆ ಹೇಳುತ್ತೇನೆ ಎಂದು ಫೋನಿಟ್ಟಳು. ನನ್ನನ್ನು ಪಟ್ಟಿಯಿಂದ ತೆಗೆದು ಮತ್ತೆ ತರಬೇತಿಗೆ ಹಾಕಿದರು.

ಬುಧವಾರ ಅವಳೇ ಫೋನು ಮಾಡಿದಳು. ಅವನು ಸಿಕ್ಕಿದ್ದ, ಬದುಕಿದ್ದ. ಕ್ಲಿನಿಕ್ಕಿನವರು ಕರೆಸಿ ಕೌನ್ಸಿಲರ್ ಜೊತೆ ಕೂರಿಸಿದ್ದರು, ಆ ಮನೆಯಿಂದ ಬೇರೆ ಕಡೆ ಇರಲು ಜಾಗವನ್ನೂ ಹುಡುಕುತ್ತಿದ್ದರು. ನನ್ನ ಮೇಲೆ ದೂರು ಕೊಟ್ಟಿದ್ದಾನೆಯೇ ಎಂದು ಕೇಳಿದೆ. ಆಗಲೂ ನನ್ನದೇ ಚಿಂತೆ.

ದೂರು ಇಲ್ಲ ಎಂದಳು. ಇನ್ನು ಮುಂದೆ ಕನ್ನಡದವರು ಬೇಡ, ಗೊತ್ತಿರುವಷ್ಟು ಹಿಂದಿಯಲ್ಲೇ ಸಂಭಾಳಿಸುತ್ತೇನೆ ಅಂದಿದ್ದಾನಂತೆ. ಯಾಕೆ ಎಂದು ಕೌನ್ಸಿಲರ್ ಕೇಳಿ ಬರೆದುಕೊಂಡಿದ್ದನ್ನು ನನಗೆ ಓದಿ ಹೇಳಿದಳು:

‘ಆ ಅಕ್ಕನಿಗೆ ನನ್ನ ಮಾತು ಕೇಳಿ ತುಂಬ ಭಯವಾಯಿತು. ಅದಕ್ಕೇ ನಾನೇ ಇಲ್ಲ ಅಂದುಬಿಟ್ಟೆ. ಅವರಿಗೆ ಮತ್ತೆ ತೊಂದರೆ ಕೊಡಬೇಡಿ.’